ಒಂದೇ ತೋಟದ ಕಾಫಿ, ಎರಡು ಲೋಟ

ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಕಾಫಿಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳು ಇವತ್ತಿಗೂ ಇವೆ. ದರಪಟ್ಟಿಯಲ್ಲಿ ಪೀಬೆರಿ, ಪ್ಲಾಂಟೇಷನ್ ಎ, ಪ್ಲಾಂಟೇಷನ್ ಬಿ, ರೋಬಸ್ಟಾ ಚೆರ್ರಿ ಎಂದು ಸಾಲಾಗಿ ಬರೆದಿರುತ್ತದೆ. ಗಿರಾಕಿಗಳೂ ಪಳಗಿದವರೇ. ‘ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್, ಚಿಕೋರಿ ಇಪ್ಪತ್ತು ಪರ್ಸೆಂಟ್’ ಎಂದು ಹೇಳಿ ಮಿಷನ್ನಿನ ಮುಂದೆ ನಿಲ್ಲುತ್ತಾರೆ. ಈ ಹೆಸರುಗಳಲ್ಲಿ ಸಾಕಷ್ಟು ವಿಷಯ ಅಡಗಿದೆ. ಹಣ್ಣಿನೊಳಗೆ ಎರಡು ಚಪ್ಪಟೆ ಬೀಜಗಳ ಬದಲು ಒಂದೇ ದುಂಡು ಬೀಜ ಕಟ್ಟಿದ್ದರೆ ಅದು ಪೀಬೆರಿ. ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದ ಅರೇಬಿಕಾ ಬೀಜಕ್ಕೆ ಪ್ಲಾಂಟೇಷನ್ ಎನ್ನುತ್ತಾರೆ. ಅದರ ಮುಂದಿನ ಎ, ಬಿ ಅಕ್ಷರಗಳು ಬೀಜದ ಗಾತ್ರವನ್ನು ಹೇಳುತ್ತವೆ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಚೆರ್ರಿ. ಬೀಜದ ಆಕಾರ, ಗಾತ್ರ, ಅದನ್ನು ಹದ ಮಾಡಿದ ರೀತಿ ಎಲ್ಲವೂ ಪಟ್ಟಿಯಲ್ಲಿದೆ; ಯಾವ ಊರಿನದು ಎಂಬುದು ಮಾತ್ರ ಇಲ್ಲ. ನಂಜನಗೂಡಿನ ರಸಬಾಳೆ, ಮೈಸೂರಿನ ವೀಳ್ಯದೆಲೆ, ಉಡುಪಿಯ ಮಟ್ಟುಗುಳ್ಳ ಎಂದು ಊರು ಹಿಡಿದು ಸಂತೆ ಮಾಡುವ ಜನ ನಾವು. ದಿನಕ್ಕೆರಡು ಸಲ ಕುಡಿಯುವ ಕಾಫಿಗೆ ಮಾತ್ರ ಊರು ಕೇಳುವ ರೂಢಿ ಬರಲಿಲ್ಲ.

ಇದಕ್ಕೆ ನಮ್ಮ ನಾಲಿಗೆಯ ಅಸಡ್ಡೆ ಕಾರಣವಲ್ಲ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇವತ್ತಿಗೂ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಿಂದ ಬರುತ್ತದೆ. ಆದರೆ ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ಕಂಗಾಲಾದಾಗ ಬಂದ 1942ರ ಕಾಫಿ ಕಾಯ್ದೆ, ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಸಂಗ್ರಹಕ್ಕೆ ಒಪ್ಪಿಸುವ ಪೂಲ್ ಪದ್ಧತಿಯನ್ನು ನೆಲೆಗೊಳಿಸಿತು. ಮೂಡಿಗೆರೆಯ ಬೀಜ, ಸೋಮವಾರಪೇಟೆಯ ಬೀಜ, ಸಕಲೇಶಪುರದ ಬೀಜ ಎಲ್ಲವೂ ದರ್ಜೆಯ ಪ್ರಕಾರ ವಿಂಗಡವಾಗಿ ಒಂದೇ ರಾಶಿಗೆ ಸೇರಿ ಹರಾಜಾಗುತ್ತಿದ್ದವು. ಸಣ್ಣ ಬೆಳೆಗಾರನಿಗೆ ಅದು ಆಸರೆಯಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ಬೀಜ ತೋಟದ ಗೇಟು ದಾಟಿದ ಮೇಲೆ ತೋಟದ ಹೆಸರಿಗೆ ಅಲ್ಲಿ ಕೆಲಸವಿರಲಿಲ್ಲ. 1992ರಿಂದ ಕಟ್ಟುಪಾಡು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಪೂರ್ತಿ ಬೆಳೆಯನ್ನು ತಾನೇ ಮಾರುವಂತಾಯಿತು. ಐವತ್ತು ವರ್ಷಕ್ಕೂ ಮಿಕ್ಕಿ ಮಿಶ್ರಣವನ್ನೇ ಕುಡಿದ ಸಮಾಜ ದರ್ಜೆಯ ಭಾಷೆ ಕಲಿತು ಊರಿನ ಭಾಷೆ ಕಲಿಯದಿದ್ದರೆ ಅದು ಸಹಜ.

ಈಗ ಆ ಭಾಷೆ ಪೊಟ್ಟಣಗಳ ಮೇಲೆ ಬಂದಿದೆ. ‘ಸಿಂಗಲ್ ಆರಿಜಿನ್’, ‘ಸಿಂಗಲ್ ಎಸ್ಟೇಟ್’ ಎಂಬ ಹಣೆಪಟ್ಟಿಯ ಕೆಳಗೆ ತೋಟದ ಹೆಸರು, ಎಷ್ಟು ಮೀಟರ್ ಎತ್ತರ, ಯಾವ ತಳಿ, ಹುರಿದ ದಿನಾಂಕ ಎಲ್ಲವನ್ನೂ ಅಚ್ಚು ಹಾಕುತ್ತಾರೆ. ಅದರ ಜೊತೆಗೇ ಕಿತ್ತಳೆ, ಬೆಲ್ಲ, ಒಣದ್ರಾಕ್ಷಿ, ಮಲ್ಲಿಗೆ ಎಂಬ ಪರಿಮಳಗಳ ಪಟ್ಟಿ. ಆಸೆಪಟ್ಟು ಕೊಂಡುತಂದವರು ಎಂದಿನಂತೆ ಫಿಲ್ಟರಿಗೆ ಹಾಕಿ, ಹಾಲು ಸಕ್ಕರೆ ಬೆರೆಸಿ ಕುಡಿದು, ‘ಇಷ್ಟೇನಾ? ಸ್ವಲ್ಪ ಹುಳಿ, ಸ್ವಲ್ಪ ತೆಳು’ ಎಂದು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾರೆ. ಅವರ ದೂರಿನಲ್ಲಿ ಹುರುಳಿದೆ. ಒಂದೇ ತೋಟದ್ದು ಎಂದ ಮಾತ್ರಕ್ಕೆ ಕಾಫಿ ಚೆನ್ನಾಗಿರಬೇಕೆಂದೇನೂ ಇಲ್ಲ. ಕೆಟ್ಟ ಬೀಜಕ್ಕೂ ಒಂದು ವಿಳಾಸ ಇರುತ್ತದೆ. ವಿಳಾಸದಿಂದ ಆಗುವ ಪ್ರಯೋಜನವೇ ಬೇರೆ. ರುಚಿಯಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಕಾರಣ ಹುಡುಕಬಹುದು, ಈ ತೋಟವನ್ನು ಆ ತೋಟದೊಂದಿಗೆ ಹೋಲಿಸಬಹುದು. ಹೋಲಿಸಬೇಕಾದರೆ ಎರಡು ಬೇಕು. ಒಂದೇ ತೋಟದ ಕಾಫಿಯನ್ನು ಒಂದೇ ಲೋಟದಲ್ಲಿ ಕುಡಿದು ಅದರ ಗುಣ ತಿಳಿಯುವುದು ಹೊಸಬರಿಗೆ ಹೆಚ್ಚುಕಡಿಮೆ ಆಗದ ಕೆಲಸ. ಎರಡು ತೋಟದ್ದನ್ನು ಅಕ್ಕಪಕ್ಕ ಇಟ್ಟು ಕುಡಿದರೆ ಯಾವ ತರಬೇತಿಯೂ ಇಲ್ಲದವರಿಗೆ ಹತ್ತು ನಿಮಿಷದಲ್ಲಿ ಏನೋ ಒಂದು ಸಿಕ್ಕಿಯೇ ಸಿಗುತ್ತದೆ. ಕಾಫಿ ಬೋರ್ಡಿನ ಪ್ರಯೋಗಾಲಯದಲ್ಲಿ ಕುಳಿತ ಪರಿಣತರು ಕೂಡ ಬಟ್ಟಲುಗಳನ್ನು ಸಾಲಾಗಿ ಜೋಡಿಸಿಕೊಂಡೇ ರುಚಿ ನೋಡುತ್ತಾರೆ.

ವ್ಯತ್ಯಾಸ ಹುಟ್ಟುವುದೆಲ್ಲಿ? ಎತ್ತರದಿಂದ ಶುರು ಮಾಡೋಣ. ನಮ್ಮಲ್ಲಿ ಅರೇಬಿಕಾಕ್ಕೆ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿನ ಜಾಗ ಹಿಡಿಸುತ್ತದೆ. ರೋಬಸ್ಟಾ ಅದಕ್ಕಿಂತ ಕೆಳಗೆ ಸೊಂಪಾಗಿ ಬರುತ್ತದೆ. ಮೇಲೆ ತಂಪು ಹೆಚ್ಚು, ಹಣ್ಣು ನಿಧಾನ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಲೋಟದಲ್ಲಿ ಹುಳಿಯ ಚುರುಕು ಹೆಚ್ಚು. ಮರದ ನೆರಳು ಮಾಡುವುದೂ ಇದೇ ಕೆಲಸವನ್ನು. ಇಲ್ಲೊಂದು ಮಾತು ಹೇಳಬೇಕು. ತೋಟದಲ್ಲಿ ಕಿತ್ತಳೆ ಗಿಡ, ಮೆಣಸಿನ ಬಳ್ಳಿ, ಏಲಕ್ಕಿ ಇದ್ದರೆ ಆ ಪರಿಮಳ ಕಾಫಿಗೂ ಇಳಿಯುತ್ತದೆ ಎಂದು ಪೊಟ್ಟಣದ ಬೆನ್ನ ಮೇಲೆ ಆಗಾಗ ಬರೆದಿರುತ್ತಾರೆ. ಓದಲು ಚೆಂದ, ನಂಬಲು ಪುರಾವೆ ಸಾಲದು. ಲೋಟದಲ್ಲಿ ಕಿತ್ತಳೆಯ ನೆನಪು ಬಂದರೆ ಅದು ಬೀಜದೊಳಗಿನ ಆಮ್ಲ, ಸಕ್ಕರೆಗಳು ಹುರಿಯುವಾಗ ಮಾರ್ಪಾಡಾಗಿ ಬಂದದ್ದೇ ಹೊರತು ಪಕ್ಕದ ಗಿಡದಿಂದ ಹಾರಿ ಬಂದದ್ದಲ್ಲ.

ಎತ್ತರದಷ್ಟೇ ಮುಖ್ಯ ತಳಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಪ್ರಯೋಗ ಕೇಂದ್ರವೇ ಇವತ್ತಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಎಲೆತುಕ್ಕು ರೋಗಕ್ಕೆ ಬಗ್ಗದ ಗಿಡಗಳನ್ನು ಹುಡುಕುತ್ತ ಅಲ್ಲಿಂದ ಹೊರಬಂದ ಎಸ್ 795 ತಳಿ ಮಲೆನಾಡಿನ ಅರೇಬಿಕಾ ತೋಟಗಳನ್ನು ದಶಕಗಟ್ಟಲೆ ಆಳಿತು. ಅದರ ವಂಶದಲ್ಲಿ ಒಂದು ಕಡೆ ದೊಡ್ಡೆನ್‌ಗುಡ್ಡ ತೋಟದಲ್ಲಿ ಆರಿಸಿ ತೆಗೆದ ಕೆಂಟ್ಸ್, ಇನ್ನೊಂದು ಕಡೆ ಲೈಬೀರಿಕಾ ಜಾತಿಯ ರಕ್ತ. ಇದೇ ಸಂಸ್ಥೆಯ ಸೆಲೆಕ್ಷನ್ 9ರಲ್ಲಿ ಇಥಿಯೋಪಿಯಾದ ಒಂದು ತಳಿಯ ಪಾಲಿದೆ. ತಳಿ ಒಂದೇ ಆಗಿದ್ದರೂ ಹಣ್ಣು ಕೊಯ್ದ ಮೇಲೆ ಮಾಡುವ ಕೆಲಸ ಲೋಟವನ್ನೇ ಬದಲಿಸಿಬಿಡಬಲ್ಲದು. ಪಲ್ಪರ್‌ಗೆ ಕೊಟ್ಟು, ಲೋಳೆಯನ್ನು ಹುದುಗಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟಿನ ರುಚಿ ತಿಳಿ, ಹುಳಿ ಸ್ಪಷ್ಟ. ಅದೇ ಗಿಡದ ಹಣ್ಣನ್ನು ಇಡಿಯಾಗಿ ಒಣಗಿಸಿದರೆ ರುಚಿ ಭಾರವಾಗಿ, ಕೆಲವೊಮ್ಮೆ ಕಳಿತ ಹಣ್ಣಿನ ವಾಸನೆಯತ್ತ ವಾಲುತ್ತದೆ. ಇದರ ತುತ್ತತುದಿಯ ಉದಾಹರಣೆ ಬೇಕಾದರೆ ಮಂಗಳೂರಿನ ಗೋದಾಮುಗಳಿಗೆ ಹೋಗಬೇಕು. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ಚೆರ್ರಿ ಬೀಜವನ್ನು ಕಡಲಗಾಳಿಗೆ ಒಡ್ಡಿ ಹರಡುತ್ತಾರೆ, ಮಗುಚುತ್ತಾರೆ. ಬೀಜ ಉಬ್ಬಿ ಬಿಳಿಚಿಕೊಳ್ಳುತ್ತದೆ, ಹುಳಿ ಬಹುಪಾಲು ಮಾಯವಾಗುತ್ತದೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ತೇವ ಕುಡಿದು ಯುರೋಪ್ ತಲುಪುತ್ತಿದ್ದ ಬೀಜದ ರುಚಿಯನ್ನು ಹಡಗಿಲ್ಲದೆ ಮರಳಿ ತರುವ ಉಪಾಯವಿದು. ‘ಮಾನ್ಸೂನ್ಡ್ ಮಲಬಾರ್’ ಎಂದು ಹೆಸರಾಗಿದೆ. ಹಾಗಾಗಿ ‘ಮೂಲ’ ಎಂದರೆ ಮಣ್ಣು ಮಾತ್ರ ಎಂದುಕೊಳ್ಳಬಾರದು. ಕೊಯ್ದವರ ಕೈ, ಕಣದ ಬಿಸಿಲು, ತೊಟ್ಟಿಯ ನೀರು ಎಲ್ಲ ಅದರಲ್ಲಿ ಸೇರಿವೆ.

ಇನ್ನು ಮನೆಯಲ್ಲಿ ನೋಡುವುದು ಹೇಗೆ? ಯಂತ್ರಗಳ ಅಂಗಡಿಗೆ ಓಡುವ ಮೊದಲು ಅಡುಗೆಮನೆಯಲ್ಲೇ ಇರುವುದನ್ನು ಹೊರತೆಗೆಯಿರಿ: ಒಂದೇ ಅಳತೆಯ ಎರಡು ಸ್ಟೀಲ್ ಅಥವಾ ಗಾಜಿನ ಲೋಟ, ಎರಡು ಚಮಚ, ಗ್ರಾಂ ತೋರಿಸುವ ಸಣ್ಣ ತಕ್ಕಡಿ. ತಕ್ಕಡಿಗೆ ಮಾತ್ರ ದುಡ್ಡು ಹಾಕಬೇಕು, ಏಕೆಂದರೆ ಚಮಚದ ಅಳತೆ ಹುರಿದ ಹದಕ್ಕೆ ತಕ್ಕಂತೆ ಮೋಸ ಮಾಡುತ್ತದೆ. ಕಪ್ಪಗೆ ಹುರಿದ ಬೀಜ ಹಗುರ. ಚಿಕೋರಿ ಇಲ್ಲದ, ನಡುಹದಕ್ಕೆ ಹುರಿದ, ಹುರಿದು ಒಂದು ವಾರ ಕಳೆದು ತಿಂಗಳೊಳಗಿರುವ ಎರಡು ತೋಟದ ಬೀಜ ತನ್ನಿ. ಎರಡನ್ನೂ ಬನ್ಸಿ ರವೆಯಷ್ಟು ತರಿಯಾಗಿ ಪುಡಿ ಮಾಡಿ, ಆಗಲೇ. ಪುಡಿ ಮಾಡಿದ ಕ್ಷಣದಿಂದ ಪರಿಮಳ ಹಾರತೊಡಗುತ್ತದೆ. ಲೋಟಕ್ಕೆ 11 ಗ್ರಾಂ ಪುಡಿ, ಮೇಲೆ 200 ಮಿಲಿ ಕುದಿನೀರು. ಇದು ಕಾಫಿ ಪರೀಕ್ಷಕರು ಬಳಸುವ 150 ಮಿಲಿಗೆ 8.25 ಗ್ರಾಂ ಲೆಕ್ಕವೇ. ನೀರು ಬಿದ್ದೊಡನೆ ಪುಡಿ ಉಬ್ಬಿ ಮೇಲೆ ದಪ್ಪ ಕೆನೆಯ ಹಾಗೆ ಕಟ್ಟುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತಿದೆ ಎಂದರ್ಥ. ಉಬ್ಬದೆ ಸುಮ್ಮನೆ ಮುಳುಗಿದರೆ ಪುಡಿ ಹಳತು. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೂಗನ್ನು ಲೋಟದ ಬಾಯಿಗೆ ತಂದು, ಚಮಚದ ಬೆನ್ನಿನಿಂದ ಆ ಪದರವನ್ನು ಮೆಲ್ಲಗೆ ಒಡೆಯಿರಿ. ಆಗ ಏಳುವ ಆವಿಯಲ್ಲಿ ಸಿಗುವಷ್ಟು ವಾಸನೆ ಮುಂದೆ ಎಲ್ಲೂ ಸಿಗುವುದಿಲ್ಲ. ಪುಡಿ ತಳಕ್ಕೆ ಇಳಿಯುತ್ತದೆ, ಮೇಲೆ ಉಳಿದ ನೊರೆಯನ್ನು ಚಮಚದಲ್ಲಿ ತೆಗೆದರಾಯಿತು. ತರಿ ಬಾಯಿಗೆ ಬರುವುದು ಇಷ್ಟವಿಲ್ಲದವರು ಮಲೆನಾಡಿನ ಮನೆಗಳಲ್ಲಿ ಮಾಡುವಂತೆ ಬಟ್ಟೆಯಲ್ಲಿ ಸೋಸಿಕೊಳ್ಳಬಹುದು. ಎರಡನ್ನೂ ಸೋಸಬೇಕು, ಅಷ್ಟೇ.

ಹತ್ತು ನಿಮಿಷವಾದರೂ ಆರಲು ಬಿಡಬೇಕು. ನಾವು ಕಾಫಿಯನ್ನು ಬಾಯಿ ಸುಡುವಷ್ಟು ಬಿಸಿಯಾಗಿ ಕುಡಿಯುವವರು, ಆದರೆ ಆ ಬಿಸಿಯಲ್ಲಿ ನಾಲಿಗೆಗೆ ಕಹಿ ಬಿಟ್ಟರೆ ಹೆಚ್ಚೇನೂ ತಿಳಿಯದು. 70 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ. ಮಕ್ಕಳು ಹಾಗೆ ಮಾಡಿದರೆ ಬೈಯುತ್ತೇವೆ, ಇಲ್ಲಿ ಅದೇ ಸರಿಯಾದ ಕ್ರಮ: ಹನಿ ಚದುರಿ, ಗಂಟಲ ಹಿಂಬದಿಯಿಂದ ಆವಿ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರ ದೊಡ್ಡ ಪಾಲು ಮೂಗಿನದೇ. ಮೊದಲ ಸುತ್ತಿನಲ್ಲಿ ಮಲ್ಲಿಗೆ, ಒಣದ್ರಾಕ್ಷಿ ಹುಡುಕಲು ಹೋಗಬೇಡಿ. ಸರಳ ಪ್ರಶ್ನೆಗಳು ಸಾಕು. ಯಾವುದು ಹೆಚ್ಚು ಹುಳಿ? ಆ ಹುಳಿ ನಿಂಬೆಯದೋ ಹುಣಸೆಯದೋ? ಯಾವುದು ಬಾಯಲ್ಲಿ ಭಾರ? ನುಂಗಿದ ಮೇಲೆ ಯಾವುದು ಹೆಚ್ಚು ಹೊತ್ತು ಉಳಿಯಿತು, ಮತ್ತು ಉಳಿದದ್ದು ಸಿಹಿಯೋ ಒಗರೋ? ಉಗುರುಬೆಚ್ಚಗಾದಾಗ ಇನ್ನೊಮ್ಮೆ ಇವೇ ಪ್ರಶ್ನೆ ಕೇಳಿಕೊಳ್ಳಿ. ಬಿಸಿಯಲ್ಲಿ ಮೇಲುಗೈಯಾಗಿದ್ದ ಲೋಟ ಆರಿದಾಗ ಸೋಲುವುದು ಅಪರೂಪವೇನಲ್ಲ.

ಎರಡೂ ಲೋಟ ಬರೀ ಹುಳಿ, ತೆಳು ಎನಿಸಿದರೆ ತಪ್ಪು ಬೀಜದ್ದಲ್ಲದಿರಬಹುದು. ಹುರಿದ ಕಾಫಿಯಲ್ಲಿ ನೀರಿಗೆ ಕರಗುವ ಅಂಶ ಸುಮಾರು ನೂರಕ್ಕೆ 30ರಷ್ಟು. ಅದರಲ್ಲಿ ಪುಡಿಯ ತೂಕದ 18ರಿಂದ 22 ಪಾಲು ಇಳಿದರೆ ರುಚಿ ಹದವಾಗಿರುತ್ತದೆ ಎಂದು 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ತೋರಿಸಿದರು. ಮೊದಲು ಇಳಿಯುವುದು ಹುಳಿ, ಕೊನೆಗೆ ಬರುವುದು ಕಹಿ ಮತ್ತು ಒಗರು. ಹುಳಿ ಅತಿಯಾದರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಿ, ಒಗರು ಅತಿಯಾದರೆ ತರಿಯಾಗಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನೀರಿನ ಉಷ್ಣತೆಯ ಬಗ್ಗೆ ಮಾತ್ರ ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಬೇಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಲೋಟಕ್ಕೆ ಬೀಳುವಷ್ಟರಲ್ಲಿ ಬೇಕಾದ ಮಟ್ಟಕ್ಕೆ ಇಳಿದಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿಯ ಗಟ್ಟಿತನ ಮತ್ತು ಇಳಿದ ಪ್ರಮಾಣ ಒಂದೇ ಆಗಿದ್ದರೆ 87, 90, 93 ಡಿಗ್ರಿಗಳ ನಡುವೆ ರುಚಿಯ ವ್ಯತ್ಯಾಸ ತೀರ ಕಡಿಮೆ ಎಂದು ಕಂಡುಬಂತು. ನೀರು ಎಂಥದ್ದು ಎಂಬುದೇ ದೊಡ್ಡ ವಿಷಯ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ಕೊಂದುಬಿಡುತ್ತದೆ. ಆಗ ಎರಡು ತೋಟದ ನಡುವಿನ ಅಂತರವೂ ಅಳಿಸಿಹೋಗುತ್ತದೆ. ಆರ್‌ಓ ನೀರಿನಲ್ಲಿ ಖನಿಜಾಂಶ ಬಹಳ ಕಡಿಮೆಯಿದ್ದರೆ ರುಚಿ ಸಪ್ಪೆ. ಎರಡನ್ನೂ ಬೆರೆಸಿ ನೋಡುವುದು ಬಡವರ ಪ್ರಯೋಗಾಲಯ.

ಇಷ್ಟೆಲ್ಲ ಆದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಟ್ಟಿಯಾದದ್ದೇ: ಇದೆಲ್ಲ ಕಲ್ಪನೆ ಅಲ್ಲವೇ? ಪೊಟ್ಟಣದ ಮೇಲೆ ಬೆಲ್ಲ ಎಂದು ಓದಿದವರಿಗೆ ಬೆಲ್ಲವೇ ಸಿಗುತ್ತದೆ. ಹೌದು, ಮನಸ್ಸು ಹಾಗೆ ಮೋಸಹೋಗುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಸಿದ್ಧ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ, ವೈನ್ ಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. ಕಾಫಿಯವರು ಇದಕ್ಕೆ ಹೊರತಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ‘ವ್ಯತ್ಯಾಸವೇ ಇಲ್ಲ’ ಎಂದಲ್ಲ. ಹೆಸರು ಮುಚ್ಚಿಟ್ಟು ನೋಡಬೇಕು ಎಂದು. ಅದಕ್ಕೂ ಅಡುಗೆಮನೆಯಲ್ಲೇ ದಾರಿಯಿದೆ. ಮೂರು ಲೋಟ ಇಡಿ. ಎರಡರಲ್ಲಿ ಒಂದು ತೋಟದ್ದು, ಒಂದರಲ್ಲಿ ಇನ್ನೊಂದರದ್ದು. ಯಾವುದು ಎಲ್ಲಿದೆ ಎಂದು ಸುರಿದವರಿಗೆ ಮಾತ್ರ ಗೊತ್ತಿರಬೇಕು, ಲೋಟದ ತಳಕ್ಕೆ ಚೀಟಿ ಅಂಟಿಸಿದರೆ ಸಾಕು. ಕುಡಿಯುವವರು ಬೇರೆಯಾದ ಒಂದನ್ನು ಹೆಕ್ಕಬೇಕು. ಸುಮ್ಮನೆ ಊಹಿಸಿದರೆ ಮೂರಕ್ಕೆ ಒಂದು ಸಲ ಸರಿಬರುತ್ತದೆ. ಹೀಗೆ ಆರು ಸುತ್ತು ಮಾಡಿ ಐದು ಸಲವೋ ಆರು ಸಲವೋ ಸರಿ ಹೇಳಿದರೆ, ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಸರಿಹೇಳಲಾಗದಿದ್ದರೆ ಆ ಇಬ್ಬರು ಬೆಳೆಗಾರರಲ್ಲಿ ಅಗ್ಗದವರ ಕಾಫಿ ಕೊಳ್ಳಿ. ಬೆಲ್ಲ, ಕಿತ್ತಳೆ ಎಂಬ ಮಾತುಗಳು ನನಗೂ ಅರ್ಧ ನಂಬಿಕೆಯವೇ. ‘ಇದು ಅದಲ್ಲ’ ಎಂದು ಕಣ್ಣುಮುಚ್ಚಿ ಹೇಳಲು ಬಂದರೆ ಆ ಅರಿವು ಪೂರ್ತಿ ನಂಬಿಕೆಯದು.

ಇನ್ನೊಂದು ಆಕ್ಷೇಪ ನಮ್ಮ ಅಭಿಮಾನದಿಂದ ಬರುವಂಥದ್ದು. ಹಾಲು, ಚಿಕೋರಿ, ಹಬೆಯಾಡುವ ಲೋಟವೇ ನಮ್ಮ ಕಾಫಿ; ಕರಿನೀರು ಕುಡಿಯುವ ಶೋಕಿ ಎಲ್ಲಿಂದ ಬಂತು? ಹಾಲಿನ ಕಾಫಿಯನ್ನು ಕೀಳಾಗಿ ಕಾಣುವವರ ಜೊತೆ ನನಗೂ ಸಹಮತವಿಲ್ಲ. ಬೀಜಗಳನ್ನು ಬೆರೆಸುವುದು ಒಂದು ಕಲೆ, ವರ್ಷವಿಡೀ ಒಂದೇ ರುಚಿ ಕೊಡುವುದು ಸಣ್ಣ ಸಾಧನೆಯಲ್ಲ. ಆದರೆ ಚಿಕೋರಿ ಕಾಫಿಯೇ ಅಲ್ಲ, ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ, ನೀರಿಗೆ ಕಾಫಿಗಿಂತ ಹೆಚ್ಚು ಕರಗಿ ಬಣ್ಣ, ಗಟ್ಟಿತನ ಕೊಡುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ನೂರಕ್ಕೆ 49ರವರೆಗೂ ಅದು ಇರಬಹುದು, ಎಷ್ಟಿದೆ ಎಂದು ಪೊಟ್ಟಣದಲ್ಲಿ ಬರೆದಿರುತ್ತದೆ. ಅರ್ಧದಷ್ಟು ಬೇರು ಇರುವ ಪುಡಿಯಲ್ಲಿ ಊರು ಹುಡುಕುವುದು ವ್ಯರ್ಥ. ಹಾಗಾಗಿ ಮೊದಲು ಬರಿದಾಗಿ ನೋಡಿ, ಆಮೇಲೆ ಅದೇ ಕಾಫಿಯನ್ನು ಫಿಲ್ಟರಿಗೆ ಹಾಕಿ ಹಾಲು ಬೆರೆಸಿ ಎನ್ನುವುದು ನನ್ನ ವಾದ. ಚಿಕೋರಿ ಇಲ್ಲದ ಪುಡಿಯಲ್ಲಿ ನೀರು ಬೇಗ ಇಳಿದುಬಿಡುತ್ತದೆ, ಹಾಗಾಗಿ ಸ್ವಲ್ಪ ನುಣ್ಣಗೆ ಪುಡಿ ಮಾಡಿ ಒತ್ತುಬಿಲ್ಲೆಯನ್ನು ಬಿಗಿಯಾಗಿ ಇಡಬೇಕು. ಹಾಲು ಬಿದ್ದ ಮೇಲೆ ಚುರುಕಾದ ಹುಳಿಯ ಕಾಫಿಗಳು ಮಂಕಾಗುತ್ತವೆ. ಚೆನ್ನಾಗಿ ತೊಳೆದು ಒಣಗಿಸಿದ ರೋಬಸ್ಟಾ ಪಾರ್ಚ್‌ಮೆಂಟ್ ಮಾತ್ರ ಹಾಲಿನೊಳಗೂ ತಲೆ ಎತ್ತಿ ನಿಲ್ಲುತ್ತದೆ. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರೋಬಸ್ಟಾವೇ ಆಗಿರುವಾಗ, ತೋಟದ ಹೆಸರಿನ ಗೌರವವನ್ನು ಅರೇಬಿಕಾಕ್ಕೆ ಮಾತ್ರ ಮೀಸಲಿಡುವುದು ಯಾವ ನ್ಯಾಯ? ಕೊಡಗಿನ ಮನೆಗಳ ಬೆಲ್ಲದ ಕರಿಕಾಫಿಯನ್ನು ನೆನೆದರೆ, ಹಾಲಿಲ್ಲದ ಕಾಫಿ ಹೊರಗಿನ ಶೋಕಿ ಎನ್ನುವ ಮಾತೂ ನಿಲ್ಲುವುದಿಲ್ಲ.

ಬೆಲೆಯ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡಲಿ. 250 ಗ್ರಾಂ ಪೊಟ್ಟಣಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ 11 ಗ್ರಾಂನ ಲೋಟಕ್ಕೆ ಬೀಳುವುದು 27 ರೂಪಾಯಿಗಿಂತ ಕಡಿಮೆ. ದಿನಕ್ಕೆ ನಾಲ್ಕು ಲೋಟ ಕಾಯಿಸುವ ಮನೆಗೆ ಇದು ಭಾರವೇ, ಒಪ್ಪುತ್ತೇನೆ. ವಾರಕ್ಕೊಂದು ಬೆಳಗ್ಗೆಗೆ ಭಾರವಲ್ಲ. ಆದರೆ ಕೊಟ್ಟ ದುಡ್ಡಿಗೆ ಖಾತರಿ ಏನು ಎಂದು ಕೇಳುವ ಹಕ್ಕು ಗಿರಾಕಿಗಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ, ಜೊತೆಗೆ ವಯನಾಡಿನ ರೋಬಸ್ಟಾ, ಅರಕು ಕಣಿವೆಯ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಿತು. ಅದು ಪ್ರದೇಶಕ್ಕೆ ಸಿಕ್ಕ ಮುದ್ರೆ. ಒಂದೇ ಪ್ರದೇಶದೊಳಗೆ ಸಾವಿರ ತೋಟ, ಸಾವಿರ ಕಣ ಇರುತ್ತವೆ. ‘ಒಂದೇ ಮೂಲ’ ಎಂಬ ಮಾತನ್ನು ಒಬ್ಬರು ಜಿಲ್ಲೆಗೆ, ಇನ್ನೊಬ್ಬರು ತೋಟದ ಒಂದು ಪಟ್ಟಿಗೆ ಬಳಸುತ್ತಾರೆ. ಆದ್ದರಿಂದ ಕೊಳ್ಳುವಾಗ ಪರಿಮಳಗಳ ಪಟ್ಟಿ ಬಿಟ್ಟು ತೋಟ, ತಳಿ, ಸಂಸ್ಕರಣೆ, ಹುರಿದ ದಿನ ಇವು ಇವೆಯೇ ನೋಡಿ. ಮೊದಲ ಜೋಡಿಗೆ ಬಹಳ ದೂರದ ಎರಡನ್ನು ಆರಿಸಿದರೆ ಒಳ್ಳೆಯದು: ಬಾಬಾಬುಡನ್‌ಗಿರಿಯ ತೊಳೆದ ಅರೇಬಿಕಾ ಒಂದು, ಮಾನ್ಸೂನ್ಡ್ ಮಲಬಾರ್ ಇನ್ನೊಂದು. ಎರಡನೇ ಜೋಡಿಯಲ್ಲಿ ಒಂದೇ ತೋಟದ ಪಾರ್ಚ್‌ಮೆಂಟ್ ಮತ್ತು ಚೆರ್ರಿ. ಆಮೇಲೆ ಅಂತರ ಕಿರಿದು ಮಾಡುತ್ತ ಹೋಗಬಹುದು.

ಪೊಟ್ಟಣಗಳಲ್ಲಿ ಅಪರೂಪವಾಗಿ ಕಾಣುವ, ಆದರೆ ಕೇಳಲೇಬೇಕಾದ ಇನ್ನೊಂದು ವಿವರ ಬೆಳೆಯ ವರ್ಷ. ಮಾರ್ಚ್, ಏಪ್ರಿಲ್‌ನ ಹೂಮಳೆ ಸರಿಯಾಗಿ ಬಿದ್ದು, ಅದರ ಹಿಂದೆ ಬರಬೇಕಾದ ಮಳೆಯೂ ಬಂದರೆ ಹಣ್ಣು ಒಟ್ಟಿಗೆ ಕಟ್ಟಿ ಒಟ್ಟಿಗೆ ಮಾಗುತ್ತದೆ. ಬಿಟ್ಟುಬಿಟ್ಟು ಬಿದ್ದರೆ ಒಂದೇ ಗೊಂಚಲಲ್ಲಿ ಕಾಯಿ, ಹಣ್ಣು, ಒಣಗಿದ್ದು ಮೂರೂ ಇರುತ್ತವೆ. ನವೆಂಬರಿನಿಂದ ಜನವರಿಯವರೆಗಿನ ಅರೇಬಿಕಾ ಕೊಯ್ಲಿನಲ್ಲಿ ಅಕಾಲ ಮಳೆ ಬಂದರೆ ಕಣದಲ್ಲಿ ಹರಡಿದ ಬೀಜಕ್ಕೆ ಮುಗ್ಗಲು ಹಿಡಿಯುವ ಭಯ ಬೇರೆ. ಹೋದ ವರ್ಷ ಮೆಚ್ಚಿದ ತೋಟದ ಕಾಫಿ ಈ ವರ್ಷ ಬೇರೆಯಾಗಿ ಕಂಡರೆ, ಹುರಿದವರನ್ನು ದೂರುವ ಮೊದಲು ಆ ತೋಟದ ಮಳೆ ಲೆಕ್ಕ ಕೇಳುವುದು ಒಳ್ಳೆಯದು. ಹೋದ ವರ್ಷದ ಬೀಜ ಸ್ವಲ್ಪ ಉಳಿದಿದ್ದರೂ ಅದನ್ನು ಈ ವರ್ಷದ್ದರ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ಹುರಿದು ಅಷ್ಟು ದಿನವಾದ ಕಾಫಿಯಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಕುಡಿದ ದಿನವೇ ಒಂದು ಸಣ್ಣ ಪುಸ್ತಕದಲ್ಲಿ ತೋಟ, ವರ್ಷ, ಹುಳಿ, ಭಾರ, ಒಗರು ಇಷ್ಟನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ.